ಬೆಲ್‌ಫಾಸ್ಟ್ ಜಗಳವನ್ನು ಮಳವಳ್ಳಿಗೆ ಒಯ್ದ ಬಗೆ

ಬಂದೂಕಿಲ್ಲದೆ ಹಳೆಯ ಬಂದೂಕುಧಾರಿಗಳ ನಾಟಕ ನಿಲ್ಲುವುದಿಲ್ಲ ಎಂದು ನನಗೆ ಹೇಳದ ರಂಗದ ಗೆಳೆಯರು ಮೈಸೂರಿನಲ್ಲಿ ಯಾರೂ ಉಳಿದಿರಲಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಎಲ್ಲಿದೆ ಎಂದೇ ತಿಳಿಯದವರಿಗೆ ಅಲ್ಲಿನ ಕ್ಯಾಥೊಲಿಕ್–ಪ್ರೊಟೆಸ್ಟೆಂಟ್ ಹೊಡೆದಾಟ ಏತಕ್ಕೆ ಎಂದವರೂ ಇದ್ದರು. ಈಗ ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಜನ ತಾವಾಗಿಯೇ ಫೋನ್ ಮಾಡಿ ಕರೆಯುತ್ತಿದ್ದಾರೆ. ಆದ್ದರಿಂದ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ.

ಪ್ರಯೋಗ ಇಷ್ಟೇ. ಬ್ರಿಟನ್ನಿನಿಂದ ಬಿಡಿಸಿಕೊಂಡು ಐರ್ಲೆಂಡ್ ಒಂದಾಗಬೇಕೆಂದು ಬಂದೂಕು ಹಿಡಿದ ರಿಪಬ್ಲಿಕನ್ನರ (ಹೆಚ್ಚಿನವರು ಕ್ಯಾಥೊಲಿಕ್) ಪಡೆ ಐಆರ್‌ಎ ಸೇರಿ ಜೈಲು ಕಂಡವನೊಬ್ಬ, ಅವರ ವಿರುದ್ಧ, ಬ್ರಿಟನ್ನಿನೊಡನೆಯೇ ಇರಬೇಕೆಂಬ ಲಾಯಲಿಸ್ಟರ (ಪ್ರೊಟೆಸ್ಟೆಂಟ್) ಪಡೆ ಯುವಿಎಫ್ ಸೇರಿ ಜೈಲು ಕಂಡವನೊಬ್ಬ. ಇಬ್ಬರಿಗೂ ಅರವತ್ತು ದಾಟಿದೆ. ಕುಳಿತು ಆ ದಿನಗಳನ್ನು ನೆನೆಯುತ್ತಾರೆ. ಪಾತ್ರಗಳಿಗೆ ಹೆಸರಿಲ್ಲ. ಅಲ್ಲಿನ ಮಾಜಿ ಕೈದಿಗಳು ಬಹಿರಂಗವಾಗಿ ಹೇಳಿಕೊಂಡ ಹತ್ತಾರು ಅನುಭವಗಳನ್ನು ಹೆಣೆದು ಇಬ್ಬರ ಬಾಯಿಗೆ ಹಂಚಿದ್ದೇನೆ.

ಮೊದಲ ರೂಪದಲ್ಲಿ ಎಲ್ಲವೂ ಇತ್ತು: ಮರದ ಬಂದೂಕು, ಹೊಗೆ, ಪರದೆಯ ಮೇಲೆ ಇಸವಿಗಳು, ಜೊತೆಗೆ ಬೆಲ್‌ಫಾಸ್ಟಿನ ಎರಡು ಬಡಾವಣೆಗಳ ನಡುವಿನ ಗೋಡೆಯ ಪ್ಲೈವುಡ್ ಪ್ರತಿರೂಪ. ಗೋಡೆಯೊಂದಕ್ಕೇ ಬಡಗಿಯ ಕೂಲಿ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಸಭಾಂಗಣದ ಬಾಡಿಗೆ, ದೀಪದವರ ಬಾಕಿ, ಟೆಂಪೊ, ತಾಲೀಮಿನ ದಿನಗಳ ಕಾಫಿ ತಿಂಡಿ ಎಲ್ಲ ಕೂಡಿ ಒಂದೂವರೆ ಲಕ್ಷ ದಾಟಿರಬೇಕು. ಎಲ್ಲವೂ ನನ್ನ ನಿವೃತ್ತಿಯ ದುಡ್ಡು. ಅನುದಾನಕ್ಕೆ ಅರ್ಜಿ ಹಾಕಿದ್ದೆ. ‘ವಿಷಯ ಸ್ಥಳೀಯವಲ್ಲ’ ಎಂಬ ಷರಾ ಬರೆದು ಒಂದು ಕಚೇರಿ ಅದನ್ನು ಹಿಂದಿರುಗಿಸಿತು. ಗೋಡೆ ಈಗ ನನ್ನ ಭಾವಮೈದುನನ ಕೋಳಿಮನೆಗೆ ಬಾಗಿಲಾಗಿದೆ.

ದುಡ್ಡಿಗಿಂತ ಹೆಚ್ಚು ಕಾಡಿದ್ದು ಸಂವಾದ. ನಾಟಕ ಮುಗಿದ ಮೇಲೆ ಪ್ರೇಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: ಇಬ್ಬರಲ್ಲಿ ಯಾರದು ಸರಿ? ಒಂದು ಸಲ ಸಭೆಯಲ್ಲೇ ಎರಡು ಗುಂಪಾಗಿ, ಐರ್ಲೆಂಡನ್ನು ಬಿಟ್ಟು ನಮ್ಮ ಊರಿನ ಹೆಸರುಗಳನ್ನೇ ಎತ್ತಿ ಕೂಗಾಡಿದರು. ನನ್ನ ಇಬ್ಬರು ಮುದುಕರು ರಂಗದ ಮೇಲೆ ವಾದ ಮಾಡುತ್ತಿದ್ದರಲ್ಲ, ವಾದ ಕಂಡರೆ ನಮ್ಮ ಜನ ನ್ಯಾಯಪಂಚಾಯಿತಿಗೆ ಕುಳಿತುಬಿಡುತ್ತಾರೆ.

ಪರಿಹಾರ ಬೆಲ್‌ಫಾಸ್ಟಿನಲ್ಲೇ ಇತ್ತು. ಅಲ್ಲಿ ಮಾಜಿ ಕೈದಿಗಳು ಪ್ರವಾಸಿಗರಿಗೆ ಬೀದಿ ತೋರಿಸುತ್ತಾರೆ. ಫಾಲ್ಸ್ ರಸ್ತೆಯ ಕಡೆಯನ್ನು ರಿಪಬ್ಲಿಕನ್ ತೋರಿಸಿ, ಗೋಡೆಯ ಹತ್ತಿರ ಜನರನ್ನು ಎದುರು ಪಕ್ಷದವನಿಗೆ ಒಪ್ಪಿಸುತ್ತಾನೆ. ಶಾಂಕಿಲ್ ರಸ್ತೆಯ ಕಡೆ ಲಾಯಲಿಸ್ಟನ ಪಾಲು. ಇಬ್ಬರೂ ವಾದಕ್ಕಿಳಿಯುವುದಿಲ್ಲ, ತಂತಮ್ಮ ಬೀದಿಯನ್ನು ಹೇಳಿ ಮುಗಿಸುತ್ತಾರೆ. ನಾನೂ ಅದನ್ನೇ ಹಿಡಿದೆ. ಕುರ್ಚಿಗಳು ಒಂದಕ್ಕೊಂದು ಎದುರಾಗದೆ ಜನರ ಕಡೆಗೆ ತಿರುಗಿದವು. ನಡುವೆ ಸುಣ್ಣದ ಪುಡಿಯಲ್ಲಿ ಒಂದು ಗೆರೆ. ನಲವತ್ತು ಸಾವಿರದ ಗೋಡೆ ಮಾಡದ ಕೆಲಸವನ್ನು ಇಪ್ಪತ್ತು ರೂಪಾಯಿಯ ಸುಣ್ಣ ಮಾಡಿತು.

ಎರಡನೆಯದಾಗಿ ‘ಏಕೆ’ ಎಂಬ ಪ್ರಶ್ನೆಯನ್ನೇ ಕಿತ್ತುಹಾಕಿದೆ. ನಿರೂಪಕಿ ಕೇಳುವುದೆಲ್ಲ ದಿನಚರಿ: ಆ ದಿನ ಬೆಳಗ್ಗೆ ಏನು ತಿಂದೆ, ಮನೆಯ ಬಾಡಿಗೆ ಯಾರು ಕಟ್ಟಿದರು, ಜೈಲಿಗೆ ಅವ್ವ ಯಾವ ವಾರ ಬರುತ್ತಿದ್ದಳು. ಆಗ ಉತ್ತರಗಳೇ ಬೇರೆಯಾದವು. ಸೈನ್ಯದ ಗಾಡಿ ಬೀದಿಗೆ ತಿರುಗಿದರೆ ಹೆಂಗಸರು ಕಸದ ಡಬ್ಬಿಯ ಮುಚ್ಚಳವನ್ನು ನೆಲಕ್ಕೆ ಬಡಿದು ಎಚ್ಚರಿಸುತ್ತಿದ್ದದ್ದು. ಲಾಂಗ್ ಕೆಶ್ ಎಂಬ ಹಳೆಯ ವಿಮಾನ ನೆಲೆಯ ತಗಡಿನ ಶೆಡ್‌ಗಳಲ್ಲಿ ಎರಡೂ ಪಕ್ಷದವರನ್ನು ಬೇರೆ ಬೇರೆ ತಂತಿಬೇಲಿಗಳ ಒಳಗೆ ಇಟ್ಟಿದ್ದದ್ದು. ಯುವಿಎಫ್ ಮುಖಂಡ ಗಸ್ಟಿ ಸ್ಪೆನ್ಸ್ ತನ್ನ ಹುಡುಗರಿಗೆ ಅಲ್ಲಿ ಬೂಟು ಪಾಲಿಶ್ ಮಾಡಿಸಿ, ಕವಾಯತು ಮಾಡಿಸಿ, ರಾಜಕೀಯ ಚರ್ಚೆಗೆ ಕೂರಿಸುತ್ತಿದ್ದದ್ದು. 1994ರಲ್ಲಿ ತಮ್ಮ ಕಡೆಯ ಕದನವಿರಾಮವನ್ನು ಓದಿ ಹೇಳಿದವನೂ ಅವನೇ. ಮುಂದೆ ಅದೇ ಜಾಗದಲ್ಲಿ ಎಚ್ ಅಕ್ಷರದ ಆಕಾರಕ್ಕೆ ಕಟ್ಟಿದ ಜೈಲು, ಎಚ್-ಬ್ಲಾಕಿನಲ್ಲಿ ಐಆರ್‌ಎ ಕೈದಿಗಳು ಪುಸ್ತಕವಿಲ್ಲದೆ, ಕೋಣೆಯಿಂದ ಕೋಣೆಗೆ ಕೂಗಿ ಐರಿಷ್ ಭಾಷೆ ಕಲಿತದ್ದು.

ಮುಚ್ಚಳದ ದೃಶ್ಯಕ್ಕೆ ಅಡುಗೆ ಕಂಟ್ರಾಕ್ಟರ್ ಹತ್ತಿರ ಅನ್ನದ ದೊಡ್ಡ ಪಾತ್ರೆಯ ಮುಚ್ಚಳ ಕೇಳಿ ತರುತ್ತೇವೆ. ಸ್ಟೀಲ್ ಬೇಡ, ಅದು ಗಂಟೆಯಂತೆ ಕೇಳುತ್ತದೆ. ಅಂಚು ನೆಗ್ಗಿದ ಅಲ್ಯೂಮಿನಿಯಂ ಬೇಕು. ನಿರೂಪಕಿ ಮುನ್ಸೂಚನೆ ಕೊಡದೆ ಕುಕ್ಕರುಗಾಲಲ್ಲಿ ಕುಳಿತು ಅದನ್ನು ಕಲ್ಲುಚಪ್ಪಡಿಗೆ ಬಡಿಯುತ್ತಾಳೆ. ಮುಂದಿನ ಸಾಲಿನ ಅಜ್ಜಿಯರು ಪಕ್ಕದ ಮಕ್ಕಳನ್ನು ಎಳೆದು ಮಡಿಲಿಗೆ ಹಾಕಿಕೊಳ್ಳುವುದನ್ನು ಬಹಳ ಊರುಗಳಲ್ಲಿ ನೋಡಿದ್ದೇನೆ. ಅಲ್ಲಿಂದ ಮುಂದೆ ಐರ್ಲೆಂಡ್ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಇತಿಹಾಸಕ್ಕೆ ಇಟ್ಟಿರುವುದು ಎರಡೇ ವಾಕ್ಯ. ‘1969ರ ಹೊತ್ತಿಗೆ ಹತ್ತಿಕೊಂಡದ್ದು 1998ರ ಶಾಂತಿ ಒಪ್ಪಂದದ ಹೊತ್ತಿಗೆ ಮೂರೂವರೆ ಸಾವಿರ ಜನರನ್ನು ತಿಂದಿತ್ತು. ಆ ಇಡೀ ಪ್ರಾಂತ್ಯದಲ್ಲಿ ಇದ್ದ ಜನ ಇಂದಿನ ನಿಮ್ಮ ಮಂಡ್ಯ ಜಿಲ್ಲೆಗಿಂತ ಕಡಿಮೆ.’ 2011ರ ಗಣತಿಯಲ್ಲಿ ಮಂಡ್ಯ ಜಿಲ್ಲೆಯದು 18 ಲಕ್ಷ, ಆ ಕಾಲದ ಉತ್ತರ ಐರ್ಲೆಂಡಿನದು 15 ಲಕ್ಷದ ಆಸುಪಾಸು.

ಇನ್ನೊಂದು ಮಾತು ಮಂಡ್ಯದಲ್ಲಿ ಚೆನ್ನಾಗಿ ನಾಟುತ್ತದೆ. ಅಲ್ಲಿ ಎಚ್ ಅಕ್ಷರವನ್ನು ‘ಹೇಚ್’ ಎಂದರೆ ಕ್ಯಾಥೊಲಿಕ್, ‘ಏಚ್’ ಎಂದರೆ ಪ್ರೊಟೆಸ್ಟೆಂಟ್ ಎಂದು ಗುರುತು ಹಿಡಿಯುತ್ತಿದ್ದರು. ಹಾಲನ್ನು ಆಲು ಎನ್ನುವ ಸೀಮೆಯಲ್ಲಿ ಜನ ಗೊಳ್ಳೆಂದು ನಗುತ್ತಾರೆ. ನಗು ಇಳಿಯುವ ಮೊದಲೇ ನಟ ಮುಂದಿನ ಸಾಲು ಹೇಳಿಬಿಡಬೇಕು. ಅರೆಕ್ಷಣ ತಡವಾದರೂ ಕೆಟ್ಟಿತು.

ಪಾತ್ರ ಹಂಚಿಕೆಯೇ ದೊಡ್ಡ ರಗಳೆಯಾಗಿತ್ತು. ನಟರಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬ ಗ್ಯಾರೇಜಿನವನು. 1981ರಲ್ಲಿ ಜೈಲಿನ ಉಪವಾಸ ಸತ್ಯಾಗ್ರಹದಲ್ಲಿ ಹತ್ತು ಕೈದಿಗಳು ಸತ್ತ ಕತೆ ಐಆರ್‌ಎ ಪಾತ್ರದ ಪಾಲಿಗೆ ಇರುವುದರಿಂದ ಇಬ್ಬರಿಗೂ ಅದೇ ಬೇಕು. ಬೇಸತ್ತು ಎರಡೂ ಪಾತ್ರಗಳನ್ನು ಇಬ್ಬರಿಗೂ ಕಂಠಪಾಠ ಮಾಡಿಸಿದೆ. ಈಗ ಪ್ರೇಕ್ಷಕರ ಎದುರಿಗೇ, ಊರಿನ ಯಾವುದಾದರೂ ಮಗುವಿನ ಕೈಯಲ್ಲಿ ನಾಣ್ಯ ಚಿಮ್ಮಿಸುತ್ತೇವೆ. ಯಾರು ಯಾವ ಬೀದಿಯಲ್ಲಿ ಹುಟ್ಟಿದವನೆಂಬುದು ಹೀಗೆ ಅಲ್ಲೇ ನಿಶ್ಚಯವಾಗುತ್ತದೆ. ನಾಣ್ಯ ಚಿಮ್ಮುವ ಮೊದಲು ನಟರ ಕಿವಿಯಲ್ಲಿ ನಾನು ಏನು ಹೇಳುತ್ತೇನೆ ಎಂದು ಹಲವರು ಕೇಳಿದ್ದಾರೆ. ಅದು ಇಲ್ಲಿಗೆ ಬೇಡ.

ಮಧ್ಯೆ ಬೈರುತ್ ಹುಚ್ಚು ಹಿಡಿದಿತ್ತು. ಲೆಬನಾನಿನ ಅಂತರ್ಯುದ್ಧ 1975ರಿಂದ 1990ರವರೆಗೆ ನಡೆದದ್ದು, ಸತ್ತವರು ಲಕ್ಷದ ಮೇಲೆ. ಅಲ್ಲಿನ ಮಾಜಿ ಹೋರಾಟಗಾರರೂ ಒಟ್ಟಿಗೆ ಕುಳಿತು ಶಾಲಾಮಕ್ಕಳೊಡನೆ ಮಾತನಾಡುತ್ತಾರೆ ಎಂದು ತಿಳಿದು ಕುರ್ಚಿಗಳನ್ನು ಹೆಚ್ಚಿಸಿದೆ. ಆದರೆ ಅಧಿಕೃತವಾಗಿಯೇ ಹದಿನೆಂಟು ಪಂಗಡಗಳಿರುವ ದೇಶ ಅದು. ಮೂರನೆಯ ಸೇನೆಯ ಹೆಸರು ಬರುವಷ್ಟರಲ್ಲಿ ಜನ ಎಲೆಯಡಿಕೆ ತೆಗೆದರು. ಅಲ್ಲಿ 1991ರ ಕ್ಷಮಾದಾನ ಕಾನೂನಿನಿಂದ ಬಹುಪಾಲು ಜನ ಕಟಕಟೆ ಹತ್ತದೆ ಮನೆಗೆ ಹೋದರು. ಬೆಲ್‌ಫಾಸ್ಟಿನವರು ವರ್ಷಗಟ್ಟಲೆ ಒಳಗಿದ್ದು, ಒಪ್ಪಂದದ ನಂತರ ನಾನೂರಕ್ಕೂ ಹೆಚ್ಚು ಜನ ಅವಧಿಗೆ ಮೊದಲೇ ಹೊರಬಂದರು. ಜೈಲಿನ ಊಟ ಉಂಡವನ ಮಾತಿನ ಧಾಟಿಯೇ ಬೇರೆ ಎಂದು ನನ್ನ ಅಭಿಪ್ರಾಯ. ಬೈರುತ್ ನನ್ನ ಕೈಗೆ ಹತ್ತದಿರಲು ಅದೂ ಕಾರಣವಿರಬಹುದು.

ಆಲೆಮನೆಯಲ್ಲೂ ಒಮ್ಮೆ ಆಡಿದೆವು. ಗಾಣದ ಸದ್ದು ನಿಲ್ಲಿಸಿಕೊಟ್ಟರು, ಒಪ್ಪುತ್ತೇನೆ. ಆದರೆ ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವ ಹೊತ್ತಿಗೆ ಆ ಹತ್ತು ಕೈದಿಗಳಲ್ಲಿ ಮೊದಲಿಗನಾದ ಬಾಬಿ ಸ್ಯಾಂಡ್ಸ್ 66 ದಿನ ಉಪವಾಸವಿದ್ದು ಸತ್ತರೆ ಯಾರು ಕೇಳುತ್ತಾರೆ? ಬೆಲ್ಲ ಮಾತ್ರ ಧಾರಾಳವಾಗಿ ಕೊಟ್ಟರು.

ಉಪಾಯ ಫಲಿಸಿತು ಎಂದು ನನಗೆ ಖಾತ್ರಿಯಾದದ್ದು ಮಳವಳ್ಳಿ ಕಡೆಯ ಒಂದು ಊರಿನಲ್ಲಿ. ಆಟದ ನಂತರ ನಿರೂಪಕಿ ಅದೇ ದಿನಚರಿಯ ಪ್ರಶ್ನೆಗಳನ್ನು ಜನರಿಗೆ ಕೇಳುತ್ತಾಳೆ. ಸುಮಾರು ಎಪ್ಪತ್ತರ ಯಜಮಾನರೊಬ್ಬರು ಎದ್ದು, 1991ರ ಡಿಸೆಂಬರಿನಲ್ಲಿ, ಕಾವೇರಿ ಮಧ್ಯಂತರ ಆದೇಶ ಗೆಜೆಟ್‌ಗೆ ಬಂದ ಮೇಲೆ ನಡೆದ ಗಲಭೆಯನ್ನು ಎತ್ತಿದರು. “ಮೇಷ್ಟ್ರೇ, ಅವತ್ತು ನಾನು ಮಧ್ಯಾಹ್ನ ಮುದ್ದೆ ಉಂಡೆ, ಹುರುಳಿ ಸಾರು. ಉಂಡು ತಮಿಳರ ಗುಡಿಸಲುಗಳ ಕಡೆಗೆ ಹೊರಟ ಗುಂಪಿನಲ್ಲಿ ಹೋದೆ,” ಎಂದರು. ಹಿಂದಿನ ಸಾಲಿನಲ್ಲಿ ಮೇಸ್ತ್ರಿ ಕೆಲಸದ ಒಬ್ಬರಿದ್ದರು, ಆಗ ಹದಿಹರೆಯದವರು. “ನಾವು ಅವತ್ತು ಏನೂ ಉಣ್ಣಲಿಲ್ಲ ಅಣ್ಣ. ಅನ್ನ ಒಲೆಯ ಮೇಲೇ ಇತ್ತು. ಕಬ್ಬಿನ ಗದ್ದೆಯೊಳಗೆ ಕೂತಿದ್ದೆವು,” ಎಂದರು. “ಯಾರ ಗದ್ದೆ?” ಎಂದು ಯಜಮಾನರು ಕೇಳಿದರು. ಅವರು ಹೇಳಿದರು. ಇಬ್ಬರೂ ಆ ಗದ್ದೆಯ ಬದು, ನೀರಿನ ಸರದಿ, ಆಗಿನ ಮಾಲೀಕ ಎಂದು ಮಾತನಾಡುತ್ತಲೇ ಹೋದರು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ನಾವು ಪಾತ್ರೆಯ ಮುಚ್ಚಳ ಹಿಂದಿರುಗಿಸಿ ಬಂದಾಗಲೂ ಮಾತು ನಡೆದೇ ಇತ್ತು.

ಅದನ್ನೆಲ್ಲ ರೆಕಾರ್ಡ್ ಮಾಡಬೇಕಿತ್ತು ಎಂದು ಗೆಳೆಯರು ಇಂದಿಗೂ ಬಯ್ಯುತ್ತಾರೆ. ನಾನು ಮಾಡುವುದಿಲ್ಲ. ಅಮೆರಿಕದ ಬಾಸ್ಟನ್ ಕಾಲೇಜು 2001ರಿಂದ ಬೆಲ್‌ಫಾಸ್ಟ್ ಕಡೆಯ ಎರಡೂ ಪಕ್ಷದ ಮಾಜಿ ಹೋರಾಟಗಾರರ ಮಾತುಗಳನ್ನು ಧ್ವನಿಮುದ್ರಿಸಿತ್ತು; ಬದುಕಿರುವವರೆಗೆ ಹೊರಗೆಡಹುವುದಿಲ್ಲ ಎಂದು ಅವರಿಗೆ ಮಾತು ಕೊಡಲಾಗಿತ್ತು. 2011ರಲ್ಲಿ ಉತ್ತರ ಐರ್ಲೆಂಡಿನ ಪೊಲೀಸರ ಸಲುವಾಗಿ ನ್ಯಾಯಾಲಯದ ಸಮನ್ಸ್ ಬಂತು, ಕೆಲವು ಟೇಪುಗಳು ತನಿಖೆಗೆ ಹೋದವು. ಕಾಲೇಜಿಗೇ ಉಳಿಸಿಕೊಳ್ಳಲಾಗದ ಮಾತನ್ನು ನಾನು ಹೇಗೆ ಕೊಡಲಿ? ನಮ್ಮಲ್ಲಿ ಬಾಗಿಲಲ್ಲೇ ಮೊರ ಹಿಡಿದು ಮೊಬೈಲ್‌ಗಳನ್ನು ಸಂಗ್ರಹಿಸುತ್ತೇವೆ, ಪಂಚಾಯಿತಿ ಸದಸ್ಯರದೂ ಸೇರಿ.

ಈಗ ಒಂದು ಆಟಕ್ಕೆ ಪೆಟ್ರೋಲು, ಊಟ ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ. ಏಳು ಸಾವಿರ ಕೇಳುತ್ತೇನೆ, ಚೌಕಾಸಿಯ ನಂತರ ಐದೂವರೆ ಆರು ಬರುತ್ತದೆ. ನಟರಿಗೆ ತಲಾ ಸಾವಿರ, ನಿರೂಪಕಿಗೂ ಅಷ್ಟೇ. ಮೊದಲು ಹಾಕಿದ ನಿವೃತ್ತಿಯ ದುಡ್ಡಿನಲ್ಲಿ ಅರ್ಧ ಇನ್ನೂ ಹಿಂದಿರುಗಿಲ್ಲ. ಕರೆಯುವವರು ಕೈಯಿಲ್ಲದ ಎರಡು ಕುರ್ಚಿ, ಒಂದು ಮೈಕು, ಸ್ವಲ್ಪ ಸುಣ್ಣದ ಪುಡಿ ಒದಗಿಸಿದರೆ ಸಾಕು. ವೇದಿಕೆಯ ಮೇಲೆ ಗಣ್ಯರನ್ನು ಕೂರಿಸುವುದು, ಹಾರ ಹಾಕುವುದು, ವಂದನಾರ್ಪಣೆ ಎಲ್ಲ ಆಟಕ್ಕೆ ಮೊದಲೇ ಮುಗಿದಿರಬೇಕು.