ಕರೆಂಟು ಹೋದಾಗ ಬಾಗಿಲು ಏನು ಮಾಡಬೇಕು? ಕೀ ಇಲ್ಲದ ಬೀಗ ಕೂರಿಸುವವನ ಅನುಭವ

ಚಿಕ್ಕಮಗಳೂರಲ್ಲಿ ಅಂಗಡಿಯವರು, ಕ್ಲಿನಿಕ್‌ನವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ: "ಯಾವ ಕಂಪನಿ ಮಷಿನ್ ಒಳ್ಳೇದು?" ನಾನು ತಿರುಗಿ ಕೇಳುವುದೂ ಒಂದೇ: "ಕರೆಂಟು ಹೋದಾಗ ನಿಮ್ಮ ಬಾಗಿಲು ಬಿಟ್ಟುಕೊಳ್ಳಬೇಕಾ, ಹಾಗೇ ಲಾಕ್ ಆಗಿರಬೇಕಾ?" ಹೆಚ್ಚಿನವರು ಅದನ್ನು ಯೋಚನೆ ಮಾಡಿರುವುದೇ ಇಲ್ಲ. ಆದರೆ ಯಾವ ಬೀಗ, ಎಷ್ಟು ದೊಡ್ಡ ಬ್ಯಾಟರಿ, ಎಂಥ ವೈರು ಅನ್ನುವುದೆಲ್ಲ ಈ ಉತ್ತರದ ಮೇಲೆ ನಿಂತಿದೆ. ಕಾರ್ಡೋ ಬೆರಳೋ ನೋಡಿ ಬಾಗಿಲು ಬಿಡುವ ಆ ಮಷಿನ್ ವಿಷಯ ಆಮೇಲೆ.

ನಾನು ಸಿಸಿಟಿವಿ ಕೆಲಸದಿಂದ ಈ ಕಡೆ ಬಂದವನು. ಲ್ಯಾಬು, ಕೋಚಿಂಗ್ ಸೆಂಟರು, ಫೈನಾನ್ಸ್ ಆಫೀಸು, ಕಾಫಿ ಕೊಳ್ಳುವ ಅಂಗಡಿ, ಹೋಂಸ್ಟೇ, ಹೀಗೆ ಎಲ್ಲ ಸಣ್ಣ ಸಣ್ಣ ಕೆಲಸ. ಆಗಾಗ ಹಾಸನಕ್ಕೂ ಹೋಗುತ್ತೇನೆ.

ನಾನು ಹಾಕುವ ಬೀಗಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಇಎಂ ಲಾಕ್ ಅಂದರೆ ವಿದ್ಯುತ್ತಿನ ಅಯಸ್ಕಾಂತ. ಕರೆಂಟು ಇದ್ದಷ್ಟು ಹೊತ್ತು ಬಾಗಿಲನ್ನು ಹಿಡಿದಿರುತ್ತದೆ, ಹೋದ ತಕ್ಷಣ ಬಿಡುತ್ತದೆ. ಸಣ್ಣ ಅಂಗಡಿಗೆ ಸಾಮಾನ್ಯವಾಗಿ 600 ಪೌಂಡಿನದು ಸಾಕು. ಅಂದರೆ ಸುಮಾರು 270 ಕೆಜಿ ಎಳೆತ ತಡೆಯುತ್ತದೆ. ಇನ್ನೊಂದು ಸ್ಟ್ರೈಕ್ ಲಾಕ್, ಬಾಗಿಲಿನ ಚೌಕಟ್ಟಿನೊಳಗೆ ಕೂರುವಂಥದ್ದು. ನಾನು ಹಾಕುವ ಬಗೆಯದು ಕರೆಂಟು ಕೊಟ್ಟಾಗ ಮಾತ್ರ ತೆರೆಯುತ್ತದೆ. ಕರೆಂಟು ಇಲ್ಲದಾಗ ಹೊರಗಿನವರಿಗೆ ಮುಚ್ಚಿಯೇ ಇರುತ್ತದೆ. ಒಳಗಿರುವವರು ಹ್ಯಾಂಡಲ್ ತಿರುಗಿಸಿ ಆರಾಮಾಗಿ ಹೊರಗೆ ಬರಬಹುದು.

ರೋಗಿಗಳೋ ಟ್ಯೂಷನ್ ಮಕ್ಕಳೋ ಒಳಗಿರುವ ಕಡೆ ಜನ ಓಡಾಡುವ ಬಾಗಿಲಿಗೆ ನಾನು ಇಎಂ ಲಾಕನ್ನೇ ಹಾಕುವುದು. ಹೊಗೆ ತುಂಬಿದ ಕೋಣೆಯಲ್ಲಿ ಯಾರೂ ಕಾರ್ಡ್ ಹುಡುಕುತ್ತಾ ನಿಲ್ಲಬಾರದು. ಬಾಗಿಲ ಪಕ್ಕ ಒಂದು ಎಮರ್ಜೆನ್ಸಿ ಸ್ವಿಚ್ಚು, ಗಾಜು ಒತ್ತಿದರೆ ಕೆಲಸ ಮಾಡುವಂಥದ್ದು, ಇರಲೇಬೇಕು. ಅದರ ವೈರನ್ನು ಕಂಟ್ರೋಲರ್‌ಗೆ, ಅಂದರೆ ಕಾರ್ಡು ಸರಿ ಇದೆಯಾ ನೋಡಿ ಲಾಕ್ ಬಿಡಿಸುವ ಬೋರ್ಡಿಗೆ, ಕೊಟ್ಟು ಸುಮ್ಮನಾಗುವವರನ್ನು ನೋಡಿದ್ದೇನೆ. ಕಂಟ್ರೋಲರ್ರೇ ಹ್ಯಾಂಗ್ ಆದರೆ ಏನು ಗತಿ? ಆ ಸ್ವಿಚ್ಚು ಲಾಕಿಗೆ ಹೋಗುವ ಪ್ಲಸ್ ವೈರನ್ನೇ ನೇರವಾಗಿ ಕತ್ತರಿಸುವ ಹಾಗಿರಬೇಕು.

ಕ್ಯಾಶ್ ಇಡುವ ಕೋಣೆ, ಸ್ಟೋರು, ಇಂಥ ಕಡೆ ಸ್ಟ್ರೈಕ್ ಹಾಕುತ್ತೇನೆ.

"ಹಂಗಾದ್ರೆ ಕರೆಂಟು ಹೋದಾಗ ಮುಂಬಾಗಿಲಿಗೆ ಕಳ್ಳ ಬರಲ್ವಾ?" ಅಂತ ಕೇಳುತ್ತಾರೆ. ಬರಬಹುದು. ಅದಕ್ಕೇ ರಾತ್ರಿ ಶಟರ್ ಎಳೆದು, ಎಂದಿನ ಬೀಗ ಜಡಿದು ಮನೆಗೆ ಹೋಗಿ ಅನ್ನುತ್ತೇನೆ. ಈ ಸಿಸ್ಟಮ್ ಇರುವುದು ಹಗಲಿನ ಕೆಲಸಕ್ಕೆ. ಯಾರು ಯಾವಾಗ ಒಳಗೆ ಹೋದರು ಅಂತ ಗೊತ್ತಾಗಬೇಕು, ಕೆಲಸ ಬಿಟ್ಟು ಹೋದವರ ಕಾರ್ಡು ಅವತ್ತೇ ಸಾಯಬೇಕು. ಬೀಗದ ಕೈ ವಾಪಸ್ ಕೊಟ್ಟರೂ ಅದರ ಡೂಪ್ಲಿಕೇಟ್ ಇಲ್ಲ ಅಂತ ಹೇಗೆ ನಂಬುವುದು? ಇದನ್ನು ಬಿಟ್ಟು "ಕಳ್ಳನಿಂದ ನೂರಕ್ಕೆ ನೂರು ರಕ್ಷಣೆ" ಅಂತ ಹೇಳಿ ಮಾರುವವರ ಮಾತನ್ನು ನಾನು ಒಪ್ಪುವುದಿಲ್ಲ.

2024ರಿಂದೀಚೆ ಕಾಫಿ ರೇಟು ಏರಿದ ಮೇಲೆ ಕಾಫಿ ಕೊಳ್ಳುವ ಅಂಗಡಿಗಳಿಂದ ಫೋನು ಜಾಸ್ತಿ. ಅಂಥದ್ದೊಂದು ಹಳೇ ಕಟ್ಟಡದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಊರಿನ ಕಷ್ಟಗಳೆಲ್ಲ ಅಲ್ಲಿ ಒಟ್ಟಿಗೇ ಇದ್ದವು. ಮುಂದೆ ಆಫೀಸು, ಅಂಗಳ ದಾಟಿದರೆ ಗೋಡೌನು. ಸಾಹುಕಾರ್ರು ಹಿರಿಯರು. ಬ್ಯಾಟರಿ ಬಾಕ್ಸ್ ನೋಡಿ ನಕ್ಕರು: "ಎಂತ ಮಾರಾಯ, ಬಾಗಿಲಿಗೂ ಬ್ಯಾಟರಿನಾ?"

ಆಫೀಸಿನ ಬಾಗಿಲು ತೇಗದ್ದು. ಮಳೆಗಾಲದಲ್ಲಿ ಮರ ಉಬ್ಬಿ ಚೌಕಟ್ಟಿಗೆ ಉಜ್ಜುತ್ತಿತ್ತು, ಕಾಲಲ್ಲಿ ಒದ್ದರೆ ಮಾತ್ರ ಮುಚ್ಚುತ್ತಿತ್ತು. ಇಂಥ ಬಾಗಿಲಿಗೆ ಇಎಂ ಲಾಕ್ ಹಾಕಿದರೆ ದುಡ್ಡು ದಂಡ. ಅಯಸ್ಕಾಂತಕ್ಕೂ ಕಬ್ಬಿಣದ ಪ್ಲೇಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಸಂದಿ ಬಿದ್ದರೂ ಹಿಡಿತ ಬಹಳ ಕುಸಿಯುತ್ತದೆ. ಹೊರಗಿನಿಂದ ನೋಡಿದರೆ ಲೈಟು ಉರಿಯುತ್ತಿರುತ್ತದೆ, ಲಾಕ್ ಆಗಿದೆ ಅನಿಸುತ್ತದೆ, ಒಂದು ಜಗ್ಗು ಜಗ್ಗಿದರೆ ಬಾಗಿಲು ಕೈಗೆ ಬರುತ್ತದೆ. ಮೊದಲು ಬಡಗಿ ಬರಲಿ ಅಂದೆ. ಬಾಗಿಲಿನ ಅಂಚು ಹೆರೆಸಿ, ಕೀಲು ಬಿಗಿ ಮಾಡಿಸಿ, ಮೇಲೆ ಡೋರ್ ಕ್ಲೋಸರ್ ಹಾಕಿಸಿದ ಮೇಲೆಯೇ ನಾನು ಡ್ರಿಲ್ ಹಿಡಿದದ್ದು.

ಪ್ಲೇಟ್ ಕೂರಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ಬಾಗಿಲಿಗೆ ಹಾಕುವ ಆ ಕಬ್ಬಿಣದ ಪ್ಲೇಟಿನ ಹಿಂದೆ ಒಂದು ರಬ್ಬರ್ ವಾಷರ್ ಬರುತ್ತದೆ, ನಡುವೆ ಒಂದೇ ಬೋಲ್ಟು. ಹೊಸ ಹುಡುಗರು ಅದನ್ನು ಜೋರಾಗಿ ಬಿಗಿದುಬಿಡುತ್ತಾರೆ. ಬಿಗಿಯಬಾರದು. ಪ್ಲೇಟು ಅಲ್ಲಾಡುವ ಹಲ್ಲಿನ ಹಾಗೆ ಚೂರು ಆಡುತ್ತಿರಬೇಕು. ಆಗ ಬಾಗಿಲು ಕೂದಲೆಳೆಯಷ್ಟು ಓರೆಯಾದರೂ ಪ್ಲೇಟು ತಾನೇ ತಿರುಗಿ ಅಯಸ್ಕಾಂತಕ್ಕೆ ಪೂರ್ತಿ ಅಂಟಿಕೊಳ್ಳುತ್ತದೆ. ಕೂರಿಸಿದ ಮೇಲೆ ನಾನು ಒಂದು ತುಂಡು ಪೇಪರ್ ನಡುವೆ ಇಟ್ಟು ಲಾಕ್ ಮಾಡಿ ಎಳೆದು ನೋಡುತ್ತೇನೆ. ಎಡಗಡೆ, ಬಲಗಡೆ, ಎರಡೂ ಕಡೆ ಪೇಪರ್ ಗಟ್ಟಿಯಾಗಿ ಸಿಕ್ಕಿಕೊಂಡರೆ ಸರಿ. ಒಂದು ಕಡೆ ಜಾರಿ ಬಂದರೆ ಅಲ್ಲಿ ಸಂದಿ ಇದೆ ಅಂತ ಅರ್ಥ.

ಇನ್ನು ವೈರು. ಮನೆಯಲ್ಲಿ ಮಿಕ್ಕಿದ ನೆಟ್‌ವರ್ಕ್ ಕೇಬಲ್ ಕೊಟ್ಟು "ಇದರಲ್ಲೇ ಎಳೆದುಬಿಡಿ" ಅನ್ನುವವರು ತುಂಬ ಜನ. ಕಾರ್ಡ್ ರೀಡರ್‌ಗೆ ಅದು ನಡೆಯುತ್ತದೆ. ಲಾಕಿಗೆ ನಡೆಯುವುದಿಲ್ಲ. ಲೆಕ್ಕ ನೋಡಿ. 12 ವೋಲ್ಟಿನ ಇಎಂ ಲಾಕ್ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ. ನೆಟ್‌ವರ್ಕ್ ಕೇಬಲ್ಲಿನ ಒಂದು ಎಳೆ 30 ಮೀಟರ್ ಹೋಗಿ ಬಂದರೆ 60 ಮೀಟರ್, ಅದರ ತಡೆ ಸುಮಾರು 5 ಓಮ್. ದಾರಿಯಲ್ಲೇ 2 ವೋಲ್ಟು ತಿಂದು ಹೋಗುತ್ತದೆ. ಲಾಕಿಗೆ ಮುಟ್ಟುವುದು 10ರ ಆಸುಪಾಸು. ಹಿಡಿತ ಅದಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಅದೇ 1 ಸ್ಕ್ವೇರ್ ಎಂಎಂ ತಾಮ್ರದ ವೈರಾದರೆ ಅರ್ಧ ವೋಲ್ಟು ಹೋದರೆ ಹೆಚ್ಚು. ಇನ್ನೊಂದು, ಅಗ್ಗದ ಕೇಬಲ್ಲಿನ ಒಳಗಿರುವುದು ಎಷ್ಟೋ ಸಲ ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ. ಚಾಕುವಿನಲ್ಲಿ ಎಳೆಯನ್ನು ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದನ್ನು ಅಂಗಡಿಗೇ ವಾಪಸ್ ಕೊಡಿ.

ಲಾಕಿನ ಎರಡು ವೈರಿಗೆ ಅಡ್ಡಲಾಗಿ ಒಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ, ಹಾಕುತ್ತೇನೆ. 1ಎನ್4007, ಒಂದೆರಡು ರೂಪಾಯಿಯ ಮಾಲು. ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಕರೆಂಟು ಕಡಿದಾಗ ಅಯಸ್ಕಾಂತದ ಸುರುಳಿ ತಿರುಗಿ ಒಂದು ಏಟು ಕೊಡುತ್ತದೆ, ಅದು ಕಂಟ್ರೋಲರ್ ಒಳಗಿನ ರಿಲೇಯ, ಅಂದರೆ ಲಾಕಿನ ಕರೆಂಟನ್ನು ಕೊಟ್ಟು ಕಡಿಯುವ ಸ್ವಿಚ್ಚಿನ, ಕಾಂಟ್ಯಾಕ್ಟುಗಳನ್ನು ಸುಡುತ್ತದೆ. ಕೆಲವು ಲಾಕಿನಲ್ಲಿ ಇದಕ್ಕೆ ರಕ್ಷಣೆ ಒಳಗೇ ಇರುತ್ತದೆ. ಇಲ್ಲದಿದ್ದರೆ ಡಯೋಡ್ ಮರೆಯಬೇಡಿ.

ಬ್ಯಾಟರಿ ವಿಷಯಕ್ಕೆ ಬಂದರೆ, ಎಲ್ಲರೂ ಹಾಕುವುದು 12 ವೋಲ್ಟ್ 7 ಆಂಪಿಯರ್ ಅವರ್. ಲಾಕು, ರೀಡರು, ಕಂಟ್ರೋಲರು ಸೇರಿ 0.7 ಆಂಪಿಯರ್ ಅಂತ ಇಟ್ಟುಕೊಂಡರೆ ಪೇಪರ್ ಮೇಲೆ 10 ಗಂಟೆ. ಆದರೆ ಆ 7 ಅನ್ನುವುದು 20 ಗಂಟೆ ನಿಧಾನಕ್ಕೆ ಎಳೆದಾಗಿನ ಲೆಕ್ಕ. ಬ್ಯಾಟರಿ ಸ್ವಲ್ಪ ಹಳತಾದರೆ ಇನ್ನೂ ಕಡಿಮೆ. ನಾನು ಆರು ಗಂಟೆ ಅಂತಲೇ ಹೇಳುವುದು. ಜುಲೈನಲ್ಲಿ ಮರ ಬಿದ್ದು ಲೈನು ಹೋದರೆ ಮೂಡಿಗೆರೆ, ಸಕಲೇಶಪುರದ ಕಡೆ ಆರು ಗಂಟೆ ಯಾವ ಮೂಲೆಗೆ? ಅಲ್ಲಿ ಅಂಗಡಿಯ ಇನ್ವರ್ಟರ್ ಲೈನಿನಿಂದಲೇ ಪವರ್ ಸಪ್ಲೈಗೆ ಕರೆಂಟು ಕೊಡುತ್ತೇನೆ, ಈ ಬ್ಯಾಟರಿ ಅದರ ಬೆನ್ನಿಗೆ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಇನ್ನೊಂದು ತಲೆನೋವು. ಸಾಹುಕಾರ್ರ ಆಫೀಸಿನಿಂದ ಗೋಡೌನಿಗೆ ಅಂಗಳದ ಮೇಲೆ ವೈರು ಎಳೆದಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು, ಹತ್ತಿರ ಎಲ್ಲೋ ಸಿಡಿಲು ಹೊಡೆದರೆ ಎರಡೂ ಕಡೆಯ ಬೋರ್ಡು ಹೋಗುತ್ತಿತ್ತು. ಹಾಗಾಗಿ ಗೋಡೌನಿಗೆ ಬೇರೆಯೇ ಪವರ್ ಸಪ್ಲೈ, ಬೇರೆ ಕಂಟ್ರೋಲರ್ ಇಟ್ಟೆ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿದ ಮೇಲೇ ಸ್ವಿಚ್ ಹಾಕಿದ್ದು.

ಗೋಡೌನಿನ ಬಾಗಿಲಿಗೆ ಸಾಹುಕಾರ್ರಿಗೆ ಬೆರಳಚ್ಚಿನ ಮಷಿನ್ನೇ ಬೇಕಿತ್ತು. ಹಮಾಲಿ ಮಾಡುವವರನ್ನು ಕರೆದು ಬೆರಳು ಇಡಿಸಿದೆ. ಗೋಣಿಚೀಲ ಎತ್ತಿ ಎತ್ತಿ ಬೆರಳ ತುದಿಯ ಗೆರೆಗಳು ಸವೆದು ಹೋಗಿದ್ದವು. ಮಷಿನ್ ಟೊಂಯ್ ಅನ್ನುತ್ತದೆ, ಕೆಂಪು ಲೈಟು. ಅವರಲ್ಲೊಬ್ಬರು ಬೆರಳನ್ನು ಲುಂಗಿಗೆ ಒರೆಸಿ ಮತ್ತೆ ಇಟ್ಟು, "ನನ್ನ ಬೆರಳೇ ಸರಿ ಇಲ್ವಾ ಅಣ್ಣ?" ಅಂದರು. ಬೆರಳು ಸರಿಯಾಗೇ ಇದೆ, ಮಷಿನ್ನಿಗೆ ಓದಲು ಬರುತ್ತಿಲ್ಲ. ಅಡಿಕೆ ಸುಲಿಯುವವರಿಗೂ ಇದೇ ಕಥೆ. ಮಳೆಯಲ್ಲಿ ಕೈ ಒದ್ದೆಯಾಗಿದ್ದರೂ ಅಷ್ಟೇ. ದಿನಾ ಬೆಳಿಗ್ಗೆ ನಾಲ್ಕು ಜನರ ಮುಂದೆ ಒಬ್ಬರು ಹೀಗೆ ನಿಲ್ಲುವುದು ನನಗೆ ಇಷ್ಟವಿಲ್ಲ. ಕೈಕೆಲಸದವರಿಗೆ ಕಾರ್ಡು, ಆಫೀಸಿನವರಿಗೆ ಬೇಕಾದರೆ ಬೆರಳು ಅಂತ ಒಪ್ಪಿಸಿದೆ. ಬೆರಳಾದರೂ ಎರಡೂ ಕೈಯಿಂದ ಒಂದೊಂದು ಸೇರಿಸಿರಬೇಕು.

ಕಾರ್ಡಿನಲ್ಲೂ ವ್ಯತ್ಯಾಸ ಇದೆ. 125 ಕಿಲೋಹರ್ಟ್ಸ್‌ನ ಅಗ್ಗದ ಕಾರ್ಡನ್ನು ಕಡಿಮೆ ಬೆಲೆಯ ಕಾಪಿ ಮಷಿನ್ನಿನಲ್ಲಿ ಕ್ಷಣದಲ್ಲಿ ನಕಲು ಮಾಡಬಹುದು. 13.56 ಮೆಗಾಹರ್ಟ್ಸ್‌ನ ಮೈಫೇರ್ ಕ್ಲಾಸಿಕ್ ವಾಸಿ ಅನ್ನುತ್ತಾರೆ, ಆದರೆ ಅದರ ಗುಟ್ಟನ್ನೂ 2008ರಲ್ಲೇ ಸಂಶೋಧಕರು ಬಿಡಿಸಿಬಿಟ್ಟಿದ್ದಾರೆ. ಡೆಸ್‌ಫೈರ್ ಕಾರ್ಡು ಗಟ್ಟಿ, ಬೆಲೆಯೂ ಜಾಸ್ತಿ. ಕೋಚಿಂಗ್ ಸೆಂಟರ್ ಬಾಗಿಲಿಗೆ ಅಗ್ಗದ್ದು ಸಾಕು. ಬಂಗಾರದ ಮೇಲೆ ಸಾಲ ಕೊಡುವ ಆಫೀಸಿಗೆ ಸಾಲದು. ಬರೀ ನಂಬರ್ ಒತ್ತುವ ಕೀಪ್ಯಾಡ್ ಆದರೆ, ಕೆಲವು ತಿಂಗಳಲ್ಲಿ ಒತ್ತುವ ನಾಲ್ಕು ಬಟನ್ ಮಾತ್ರ ಸವೆದು ಹೊಳೆಯುತ್ತದೆ. ಆಗ 10,000 ಸಾಧ್ಯತೆ ಇದ್ದದ್ದು 24ಕ್ಕೆ ಇಳಿಯಿತು. ನಂಬರ್ ಬದಲಾಯಿಸುತ್ತಿರಿ ಅಂದರೆ ಯಾರೂ ಬದಲಾಯಿಸುವುದಿಲ್ಲ, ಅದು ಬೇರೆ ಮಾತು.

ನಾನು ರಾಜಿ ಮಾಡಿಕೊಳ್ಳದ ಒಂದು ವಿಷಯ ಇದೆ. ಬಾಗಿಲ ಹೊರಗೆ ಹಾಕುವ ಎಷ್ಟೋ ಮಷಿನ್ನಿನಲ್ಲಿ ರಿಲೇಯೂ ಅದರೊಳಗೇ ಇರುತ್ತದೆ. ಸ್ಕ್ರೂ ಬಿಚ್ಚಿ ಮಷಿನ್ನನ್ನು ಗೋಡೆಯಿಂದ ಕಿತ್ತರೆ ಲಾಕಿನ ವೈರುಗಳು ಕೈಗೇ ಸಿಗುತ್ತವೆ. ಇಎಂ ಲಾಕಾದರೆ ಒಂದು ವೈರು ಕತ್ತರಿಸಿದರೆ ಮುಗಿಯಿತು, ಸ್ಟ್ರೈಕ್ ಆದರೆ ಎರಡು ವೈರು ಸೇರಿಸಿದರೆ ಆಯಿತು. ಕಾರ್ಡೂ ಬೇಡ, ಬೆರಳೂ ಬೇಡ. ಬೇರೆಯವರು ಹೀಗೆ ಹಾಕಿದ್ದನ್ನು ಹಾಸನದ ಒಂದು ಲ್ಯಾಬಿನಲ್ಲಿ ಬಿಚ್ಚಿ ತೋರಿಸಿದಾಗ ಅಲ್ಲಿನ ಮೇಡಂ ಮುಖ ಸಪ್ಪಗಾಯಿತು. ಹೊರಗೆ ಬರೀ ರೀಡರ್ ಇರಲಿ, ರಿಲೇ ಇರುವ ಕಂಟ್ರೋಲರ್ ಒಳಗೆ, ಬೀಗ ಇರುವ ಬಾಕ್ಸಿನಲ್ಲಿ ಇರಲಿ. ಖರ್ಚು ಸ್ವಲ್ಪ ಹೆಚ್ಚು. ಇದಕ್ಕೆ ಒಪ್ಪದಿದ್ದರೆ ನಾನು ಕೆಲಸ ಬೇಡ ಅನ್ನುತ್ತೇನೆ. ಅದೇ ಲ್ಯಾಬಿನಲ್ಲಿ ಸ್ಯಾಂಪಲ್ ಟ್ರೇ ಹಿಡಿದು ಓಡಾಡುವ ಹುಡುಗಿಯರಿಗೆ, ಕೈ ಅಡ್ಡ ಹಿಡಿದರೆ ತೆರೆಯುವ ಎಕ್ಸಿಟ್ ಸ್ವಿಚ್ ಹಾಕಿಕೊಟ್ಟೆ. ಅವರಿಗೆ ಇಡೀ ಸಿಸ್ಟಮ್‌ನಲ್ಲಿ ಇಷ್ಟವಾದದ್ದು ಅದೊಂದೇ.

ಹೋಂಸ್ಟೇಗಳ ಲೆಕ್ಕ ಬೇರೆ. ಅಲ್ಲಿ ವೈರು ಎಳೆಯುವ ಗೋಜಿಲ್ಲ, ಸೆಲ್ ಹಾಕುವ ನಂಬರ್ ಲಾಕ್ ಸಾಕು. ತೋಟದೊಳಗೆ ನೆಟ್‌ವರ್ಕ್ ಸಿಗುವುದಿಲ್ಲ ಅಂತ ಹೆದರುತ್ತಾರೆ. ಕೆಲವು ಲಾಕಿನ ಆ್ಯಪ್ ಇಂತಿಷ್ಟು ದಿನಕ್ಕೆ ಅಂತ ನಂಬರ್ ಮಾಡಿಕೊಡುತ್ತದೆ, ಲಾಕ್ ತನ್ನೊಳಗಿನ ಗಡಿಯಾರ ನೋಡಿ ಅದನ್ನು ಒಪ್ಪುತ್ತದೆ. ಬಾಗಿಲ ಹತ್ತಿರ ನೆಟ್‌ವರ್ಕೇ ಬೇಡ. ರಾತ್ರಿ ತಡವಾಗಿ ಬರುವವರಿಗೆ ಮೆಸೇಜ್ ಹಾಕಿದರಾಯಿತು. ಕೊಳ್ಳುವಾಗ ಲಾಕಿನ ಅಡಿಯಲ್ಲಿ ಹೊರಗಿನಿಂದ ಕರೆಂಟು ಕೊಡುವ ಜಾಗ ಇದೆಯಾ ನೋಡಿ, 9 ವೋಲ್ಟ್ ಬ್ಯಾಟರಿ ತಾಗಿಸುವುದೋ ಫೋನಿನ ಪವರ್‌ಬ್ಯಾಂಕ್ ಚುಚ್ಚುವುದೋ. ಸೆಲ್ ಪೂರ್ತಿ ಸತ್ತ ದಿನ ಅದೇ ಗತಿ. ಸೆಲ್ ಆಲ್ಕಲೈನ್ ಆಗಿರಲಿ, ಮತ್ತೆ ಲಾಕಿನ ಜೊತೆ ಬಂದ ಬೀಗದ ಕೈಯನ್ನು ಆ ಕೋಣೆಯ ಒಳಗೇ ಇಡಬೇಡಿ!

ಕೆಲಸ ಮುಗಿದ ಮೇಲೆ ಕಂಪನಿಯಿಂದ ಬಂದ ಅಡ್ಮಿನ್ ಕೋಡನ್ನು ಮಾಲೀಕರ ಕೈಯಲ್ಲೇ ಬದಲಾಯಿಸುತ್ತೇನೆ. ನಾನು ಆ ಕಡೆ ಮುಖ ತಿರುಗಿಸಿ ನಿಲ್ಲುತ್ತೇನೆ. ಬೆರಳಚ್ಚು ತೆಗೆದುಕೊಂಡಿದ್ದರೆ ಯಾಕೆ ತೆಗೆದುಕೊಂಡಿದ್ದೇವೆ, ಕೆಲಸ ಬಿಟ್ಟಾಗ ಅಳಿಸುತ್ತೇವೆ ಅಂತ ಕೆಲಸದವರಿಗೆ ಹೇಳಿ ಅನ್ನುತ್ತೇನೆ. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕಾಯ್ದೆಯೇ ಬಂದಿದೆ. ಆಮೇಲೆ ಎಲ್ಲರ ಎದುರು ಮೇನ್ ಸ್ವಿಚ್ ಆಫ್ ಮಾಡಿಸುತ್ತೇನೆ. ಬ್ಯಾಟರಿಯಲ್ಲಿ ಲಾಕ್ ಹಿಡಿದಿದೆಯಾ, ಎಮರ್ಜೆನ್ಸಿ ಒತ್ತಿದರೆ ಬಿಡುತ್ತದಾ, ಅಂಗಡಿಯ ಅತ್ಯಂತ ಹೊಸ ಹುಡುಗನ ಕೈಯಲ್ಲೇ ಒತ್ತಿಸುವುದು. ಬ್ಯಾಟರಿ ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಬಾಕ್ಸಿನ ಮುಚ್ಚಳದ ಒಳಗಡೆ ಬರೆಯುತ್ತೇನೆ. ಎರಡು ಮೂರು ವರ್ಷಕ್ಕೆ ಅದನ್ನು ಬದಲಾಯಿಸಬೇಕು, ಆ ದುಡ್ಡು ಬೇರೆ ಅಂತ ಬಿಲ್ಲಿನಲ್ಲೂ ಬರೆದಿರುತ್ತೇನೆ.