ಒಂದು ಪೇಪರ್ ಆಗುವ ಹೊತ್ತಿಗೆ: ಅರ್ಥಶಾಸ್ತ್ರದ ಸಂಶೋಧನೆಯಲ್ಲಿ ನನ್ನ ಅನುಭವ

ಮೊದಲ ಮಗುವಾದ ಮೇಲೆ ಹೆಂಗಸರು ಸಂಬಳದ ಕೆಲಸ ಬಿಡುವುದು ಯಾಕೆ? ಬಿಟ್ಟವರಲ್ಲಿ ಯಾರು ಮತ್ತೆ ಬರುತ್ತಾರೆ? ಪಿಎಚ್‌ಡಿಗೆ ಸೇರಿದಾಗ ಹಿಡಿದ ಪ್ರಶ್ನೆ ಇದು. ಪ್ರಾಧ್ಯಾಪಕಿಯಾಗಿ ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಈ ದಾರಿಗೆ ಬರಬೇಕು ಅನ್ನುವವರು ನನ್ನನ್ನು ಕೇಳುವುದು ಗಣಿತ ಎಷ್ಟು ಬೇಕು, ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ. ಗಣಿತ ಬೇಕೇ ಬೇಕು, ಕಲಿಸುವವರೂ ಇದ್ದಾರೆ. ಆದರೆ ನನ್ನ ಸಮಯವನ್ನೆಲ್ಲ ತೆಗೆದುಕೊಂಡದ್ದು ಬೇರೊಂದು ಕೆಲಸ: ‘ಇದು ಇದರಿಂದಲೇ ಆಯ್ತು ಅಂತ ಹೇಗೆ ಗೊತ್ತು?’ ಅನ್ನುವವರಿಗೆ ಉತ್ತರ ಕಟ್ಟುವುದು.

ಮೊದಲು ಹಾಗೆ ಕೇಳಿದವರು ನನ್ನ ಗೈಡ್. “ಮಗುವಾಯ್ತು, ಕೆಲಸ ಬಿಟ್ಟರು, ಸರಿ. ಮಗು ಆಗದಿದ್ದರೂ ಬಿಡುತ್ತಿದ್ದರೇನೋ?” ಅಂದರು. ಆಮೇಲೆ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ಪ್ರಕಟಿಸಿದ ಪೇಪರ್ ಓದಲು ಕೊಟ್ಟರು. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಹೋಟೆಲ್‌ಗಳಲ್ಲಿ ಏರಿಕೆಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ವಿಚಾರಿಸಿದರು. ಕೂಲಿ ಏರಿದ ಕಡೆ ಕೆಲಸ ಕಡಿಮೆಯಾಗಿರಲಿಲ್ಲ. ಆ ಫಲಿತಾಂಶದ ಬಗ್ಗೆ ಇವತ್ತಿಗೂ ಜಗಳ ಇದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಹೋಲಿಕೆ. ಸುಮ್ನೆ ಮುಂಚೆ-ಆಮೇಲೆ ನೋಡಿದರೆ ಸಾಲದು, ಬದಲಾವಣೆ ತಟ್ಟದ ಇನ್ನೊಂದು ಜಾಗವೂ ಬೇಕು.

ನನಗೂ ಅಂಥದೊಂದು ಹೋಲಿಕೆ ಸಿಕ್ಕಿತು. ಶಿಶುಪಾಲನಾ ಕೇಂದ್ರಗಳು ಕೆಲವು ಕಡೆ ಬೇಗ ತೆರೆದಿದ್ದವು, ಕೆಲವು ಕಡೆ ತಡವಾಗಿ. ಕುಣಿದಾಡುವಷ್ಟು ಖುಷಿಯಾಯಿತು. ಮರುದಿನವೇ ಅನುಮಾನವೂ ಬಂತು. ಬೇಗ ತೆರೆದ ಕಡೆ ಹೆಂಗಸರ ದುಡಿಮೆ ಆಗಲೇ ಏರುತ್ತಿತ್ತೇ? ಹಾಗಿದ್ದರೆ ಕೇಂದ್ರ ಕಾರಣವಲ್ಲ, ಅಲ್ಲಿದ್ದ ಬೇಡಿಕೆಯೇ ಕೇಂದ್ರವನ್ನು ತಂದದ್ದು. ಅದಕ್ಕೆ ಕೇಂದ್ರ ತೆರೆಯುವ ಮುಂಚಿನ ವರ್ಷಗಳ ಅಂಕಿಅಂಶ ತೆಗೆದು, ಗ್ರಾಫ್‌ನಲ್ಲಿ ಎರಡೂ ಕಡೆಯ ದುಡಿಮೆಯ ಗೆರೆಗಳು ಒಂದೇ ಥರ ಸಾಗಿವೆಯೇ ಅಂತ ನೋಡಬೇಕಾಯಿತು.

ಹಾಗೆ ನೋಡಬೇಕಾದರೆ ಡೇಟಾ ಸರಿಯಿರಬೇಕು. ಈ ಕೆಲಸದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಸಮಯ ಮಾತ್ರ ಇದಕ್ಕೇ ಜಾಸ್ತಿ ಹೋಗುತ್ತದೆ. ಸಮೀಕ್ಷೆಯ ಕಡತ ಕೈಗೆ ಬಂದಾಗ ನಾನು ಮೊದಲು ನೋಡುವುದು ಪ್ರತಿ ಕಾಲಂನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಸಂಖ್ಯೆ. ಸಂಬಳದ ಕಾಲಂನಲ್ಲಿ 99999 ಅಂತ ಇದ್ದರೆ ಅದು ಸಂಬಳವಲ್ಲದಿರಬಹುದು, ‘ಉತ್ತರ ಹೇಳಲಿಲ್ಲ’ ಅನ್ನುವುದರ ಸಂಕೇತ ಇರಬಹುದು. ಅದನ್ನು ಬಿಡದೆ ಸರಾಸರಿ ತೆಗೆದರೆ ಇಡೀ ಊರೇ ಸಿರಿವಂತವಾಗಿ ಬಿಡುತ್ತದೆ. ವಾರದ ದುಡಿಮೆ 168 ಗಂಟೆ ಅಂತ ಇದ್ದರೆ ಆ ಮನುಷ್ಯ ಮಲಗಿಯೇ ಇಲ್ಲ ಅಂತ ಅರ್ಥ.

ಇನ್ನೊಂದು ಕಾಲಂ ಇರುತ್ತದೆ, ಎಷ್ಟೋ ಜನ ತೆರೆದೂ ನೋಡುವುದಿಲ್ಲ: ಉತ್ತರ ಕೊಟ್ಟವರು ಯಾರು? ಹೆಂಡತಿಯ ಬಗ್ಗೆ ಗಂಡ ಹೇಳಿದ್ದಾನೋ, ಆಕೆಯೇ ಹೇಳಿದ್ದಾಳೋ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ವಾರದಲ್ಲಿ 1 ಗಂಟೆ ಕೂಲಿಗೋ ಲಾಭಕ್ಕೋ ದುಡಿದಿದ್ದರೂ ಅದು ಉದ್ಯೋಗ. ಆಕೆ ಆ ಒಂದು ಗಂಟೆಯನ್ನು ನೆನಪಿಟ್ಟುಕೊಂಡು ಹೇಳುತ್ತಾಳೆ. ಬೇರೆಯವರು ‘ಮನೆಯಲ್ಲೇ ಇರುತ್ತಾಳೆ’ ಅಂದುಬಿಡುತ್ತಾರೆ. ಹಾಗಾಗಿ ಇಬ್ಬರ ಉತ್ತರಗಳನ್ನೂ ಬೇರೆ ಬೇರೆ ಇಟ್ಟು ಲೆಕ್ಕ ಹಾಕಿದೆ. 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಕೂಡ ಅಮೆರಿಕದ ಹಳೆಯ ದಾಖಲೆಗಳಲ್ಲಿ ಇಂಥದ್ದನ್ನೇ ಕಂಡಿದ್ದರು. ಗಂಡನ ಜೊತೆ ಹೊಲದಲ್ಲೋ ಅಂಗಡಿಯಲ್ಲೋ ದುಡಿಯುತ್ತಿದ್ದವರ ಉದ್ಯೋಗದ ಜಾಗದಲ್ಲಿ ‘ಹೆಂಡತಿ’ ಅಂತ ಬರೆದಿರುತ್ತಿತ್ತು. ದುಡಿದವರು ಲೆಕ್ಕದಿಂದಲೇ ಮಾಯ. ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಸೆಮಿನಾರ್ ಇನ್ನೊಂದು ಘಟ್ಟ. ನಮ್ಮಲ್ಲಿ ಮಾತು ಮುಗಿಯುವವರೆಗೆ ಯಾರೂ ಕಾಯುವುದಿಲ್ಲ. ಎರಡನೇ ಸ್ಲೈಡಿಗೇ ಕೈ ಏಳುತ್ತದೆ. ನಾನು ಒಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿ ಪ್ರತಿ ಪ್ರಶ್ನೆಯನ್ನೂ ಬರೆಸಿಕೊಳ್ಳುತ್ತೇನೆ. ಒಂದೇ ಪ್ರಶ್ನೆ ಎರಡು ಕಡೆ ಬಂತೆಂದರೆ ಅದರ ಉತ್ತರ ಪೇಪರ್‌ನ ಮೊದಲ ಪುಟಗಳಿಗೇ ಹೋಗಬೇಕು. ಕೆಲಸಕ್ಕೆ ಅರ್ಜಿ ಹಾಕಿದಾಗಲೂ ಇದೇ ನಡೆಯಿತು. ಒಂದು ಪೇಪರ್ ಹಿಡಿದು ಊರೂರು ತಿರುಗಿ, ಅದೇ ಪ್ರಶ್ನೆಗಳಿಗೆ ಉತ್ತರ ಹೇಳಿದೆ.

ಜರ್ನಲ್‌ಗೆ ಕಳಿಸಿದ ಮೇಲೆ ಕಾಯುವುದು. ಕೆಲವು ಸಲ ಸಂಪಾದಕರೇ ಓದಿ ವಾಪಸ್ ಕಳಿಸುತ್ತಾರೆ. ರೆಫರಿಗಳ, ಅಂದರೆ ಹೆಸರು ಹೇಳದೆ ಪೇಪರ್ ಓದಿ ಅಭಿಪ್ರಾಯ ಬರೆಯುವ ಬೇರೆ ಸಂಶೋಧಕರ, ಕೈಗೆ ಹೋದರೆ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ಜಾರ್ಜ್ ಅಕೆರ್‌ಲಾಫ್ ಅವರ ಹಳೇ ಕಾರಿನ ಮಾರುಕಟ್ಟೆಯ ಪೇಪರ್ ಮೂರು ಜರ್ನಲ್‌ಗಳಿಂದ ತಿರಸ್ಕಾರವಾಗಿ 1970ರಲ್ಲಿ ನಾಲ್ಕನೆಯದರಲ್ಲಿ ಬಂತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಇದನ್ನು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಜೊತೆಗೆ ಇನ್ನೊಂದನ್ನೂ ಹೇಳುತ್ತೇನೆ: ತಿರಸ್ಕಾರವಾದ ಪೇಪರ್‌ಗಳಲ್ಲಿ ಹೆಚ್ಚಿನವು ನಿಜವಾಗಿಯೂ ತಿದ್ದಬೇಕಾದವು.

ನನ್ನ ಪೇಪರ್‌ಗೆ ಬಂದ ಎರಡನೇ ರೆಫರಿಯ ವರದಿ ಗಡುಸಾಗಿತ್ತು. ಸಮೀಕ್ಷೆಯ ಎರಡನೇ ಸುತ್ತಿಗೆ ಸಿಗದೆ ಹೋದ ಹೆಂಗಸರು ಯಾರು, ಕೆಲಸ ಸಿಕ್ಕಿ ಬೇರೆ ಕಡೆ ಹೋದವರೇ ಇರಬಹುದಲ್ವಾ ಅನ್ನುವುದು ಅವರ ತಕರಾರು. ವರದಿ ಬಂದ ದಿನ ನಾನು ಉತ್ತರ ಬರೆಯುವುದಿಲ್ಲ. ಆಮೇಲೆ ಪ್ರತಿ ವಾಕ್ಯವನ್ನೂ ಬಿಡಿಸಿ, ಕೆಳಗೆ ನಾನೇನು ಮಾಡಿದೆ, ಯಾವ ಪುಟದಲ್ಲಿದೆ ಅಂತ ಬರೆಯುತ್ತೇನೆ. ಕಾಣೆಯಾದವರ ಮೊದಲ ಸುತ್ತಿನ ವಿವರ ತೆಗೆದು ಲೆಕ್ಕ ಹಾಕಿದಾಗ ನನ್ನ ಫಲಿತಾಂಶ ಚಿಕ್ಕದಾಯಿತು. ಅಳಿಸಿಹೋಗಲಿಲ್ಲ. ಆ ಚಿಕ್ಕ ಸಂಖ್ಯೆಯನ್ನೇ ಸಾರಾಂಶದಲ್ಲಿ ಹಾಕಿದೆ, ಪೇಪರ್ ಒಪ್ಪಿಗೆಯಾಯಿತು. ಅವರು ಯಾರೆಂದು ನನಗೆ ತಿಳಿಯುವುದಿಲ್ಲ, ಆದರೂ ಕೃತಜ್ಞತೆಯ ಸಾಲಿನಲ್ಲಿ ಅವರೂ ಇದ್ದಾರೆ.

ಈಗ ನಾನೇ ರೆಫರಿ. ವರದಿ ಬರೆಯುವಾಗ ಪೇಪರ್ ಏನು ಹೇಳುತ್ತಿದೆ ಅಂತ ಮೊದಲು ನನ್ನ ಮಾತಿನಲ್ಲಿ ಬರೆಯುತ್ತೇನೆ. ಮಾಡಲೇಬೇಕಾದ್ದು ಯಾವುದು, ಮಾಡಿದರೆ ಒಳ್ಳೆಯದು ಯಾವುದು ಅಂತ ಬೇರೆ ಮಾಡಿ ಹೇಳುತ್ತೇನೆ. ಕಾಯುತ್ತಿರುವವರು ಕೆಲಸ ಕಾಯಂ ಆಗದ ಹುಡುಗ ಹುಡುಗಿಯರು ಇರಬಹುದು. ಅದಕ್ಕೇ ಒಪ್ಪಿಕೊಂಡ ಗಡುವು ಮೀರುವುದಿಲ್ಲ.