ಪರದೆಯ ಮೇಲಿನ ಇಳಕಲ್ ಸೀರೆಗೆ ಟೆಕ್ಸ್ಚರ್ ನಿರ್ದೇಶಾಂಕಗಳನ್ನು ಒದಗಿಸಿದ ಬಗೆ

ಬಾಗಲಕೋಟೆಯ ಸೀರೆ ವ್ಯಾಪಾರಿಯೊಬ್ಬರಿಗಾಗಿ, ಇಳಕಲ್ ಸೀರೆ ಉಟ್ಟಾಗ ಹೇಗೆ ಕಾಣುತ್ತದೆ ಎಂಬುದನ್ನು ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ ಒಂದನ್ನು ಓಪನ್‌ಜಿಎಲ್ (ಪರದೆಯ ಮೇಲೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ವ್ಯವಸ್ಥೆ) ಬಳಸಿ ಬರೆದೆ. ಬಟ್ಟೆಯ ಚಲನೆಯ ಲೆಕ್ಕಕ್ಕಿಂತಲೂ ಹೆಚ್ಚು ವಿಚಾರ ಬೇಡಿದ್ದು ಟೆಕ್ಸ್ಚರ್ ನಿರ್ದೇಶಾಂಕಗಳ ಅರೇ, ಅಂದರೆ ಬಟ್ಟೆಯ ಯಾವ ಬಿಂದುವಿಗೆ ವಿನ್ಯಾಸದ ಚಿತ್ರದ ಯಾವ ಭಾಗ ಬೀಳಬೇಕೆಂದು ಹೇಳುವ ಸಂಖ್ಯೆಗಳ ಸಾಲು.

ವರ್ಟೆಕ್ಸ್ (ಬಟ್ಟೆಯ ಆಕಾರವನ್ನು ಕಟ್ಟುವ ಜಾಲದ ಬಿಂದು) ಇರುವ ಸ್ಥಾನದಿಂದಲೇ ನಿರ್ದೇಶಾಂಕವನ್ನು ಹುಟ್ಟಿಸುವುದು ಸುಲಭದ ದಾರಿ. ಆದರೆ ನಿರಿಗೆ ಬಿದ್ದ ಕಡೆ ಅದು ಕೆಲಸಕ್ಕೆ ಬಾರದು: ಮಡಿಕೆಯ ಪಕ್ಕಗಳಲ್ಲಿ ಚೌಕಳಿಗಳು ಎಳೆದಂತೆ ಉದ್ದವಾಗುತ್ತವೆ, ಸೀರೆ ಅಲುಗಿದಾಗ ಬಟ್ಟೆಯ ಮೇಲೆಯೇ ಜಾರುತ್ತವೆ. ನಿರ್ದೇಶಾಂಕ ಸೇರಿದ್ದು ಬಟ್ಟೆಗೇ ಹೊರತು ಉಡುವ ರೀತಿಗಲ್ಲ. ಆದ್ದರಿಂದ ಸೀರೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿದಂತೆ ಭಾವಿಸಿ, ಪ್ರತಿ ವರ್ಟೆಕ್ಸ್ ಉದ್ದದಲ್ಲಿ ಮತ್ತು ಅಗಲದಲ್ಲಿ ಎಷ್ಟು ದೂರದಲ್ಲಿದೆ ಎಂಬುದನ್ನು ಒಮ್ಮೆ ಮಾತ್ರ ಅರೇಗೆ ತುಂಬಿದೆ.

ಪ್ರತಿ ವರ್ಟೆಕ್ಸ್‌ನ ಸ್ಥಾನಕ್ಕೆ 12, ನಾರ್ಮಲ್‌ಗೆ (ಮೇಲ್ಮೈ ಮುಖ ಮಾಡಿರುವ ದಿಕ್ಕು) 12, ನಿರ್ದೇಶಾಂಕಕ್ಕೆ 8, ಹೀಗೆ 32 ಬೈಟ್‌ಗಳನ್ನು ಒಂದೇ ಬಫರ್‌ನಲ್ಲಿ (ಮೆಮೊರಿಯ ತುಂಡಿನಲ್ಲಿ) ಹೆಣೆದಿಡುವುದು ವಾಡಿಕೆ. ನಾನು ಹಾಗೆ ಮಾಡಲಿಲ್ಲ. ಸ್ಥಾನ ಮತ್ತು ನಾರ್ಮಲ್ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತವೆ; ಉಳಿದ 8 ಬೈಟ್ ಎಂದೂ ಬದಲಾಗುವುದಿಲ್ಲ. ಅವುಗಳಿಗೆ ಸ್ಟ್ಯಾಟಿಕ್ ಡ್ರಾ ಎಂದು ಗುರುತಿಸಿದ ಪ್ರತ್ಯೇಕ ಬಫರ್ ಮಾಡಿ, ಬಫರ್ ಅನ್ನು ಹೇಗೆ ಓದಬೇಕೆಂದು ತಿಳಿಸುವ ವರ್ಟೆಕ್ಸ್ ಆಟ್ರಿಬ್ ಪಾಯಿಂಟರ್ ಆಜ್ಞೆಗೆ ಅಂಶ 2, ಬಗೆ ಫ್ಲೋಟ್, ಸ್ಟ್ರೈಡ್ 0, ಆಫ್‌ಸೆಟ್ 0 ಎಂದು ಕೊಟ್ಟೆ. ಸ್ಟ್ರೈಡ್ 0 ಎಂದರೆ ಅಂಶಗಳು ಎಡೆಬಿಡದೆ ಒಂದರ ಹಿಂದೊಂದು ಇವೆ ಎಂದರ್ಥ. (ಇದೇ ಕೆಲಸಕ್ಕೆ 1997ರ ಓಪನ್‌ಜಿಎಲ್ 1.1ರಿಂದ ಬಂದ ಟೆಕ್ಸ್‌ಕೋರ್ಡ್ ಪಾಯಿಂಟರ್ ಹಳೆಯ ಪಾಠಗಳಲ್ಲಿ ಇನ್ನೂ ಕಾಣುತ್ತದೆ. ಹಳೆಯ ಆಜ್ಞೆಗಳನ್ನು ಕೈಬಿಟ್ಟ ಇಂದಿನ ಕೋರ್ ಪ್ರೊಫೈಲ್‌ನಲ್ಲಿ ಅದು ಇಲ್ಲ.)

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ (ಉದ್ದದ) ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಬಣ್ಣ, ವಿನ್ಯಾಸ ಎರಡೂ ಆ ಗೆರೆಯಲ್ಲಿ ಥಟ್ಟನೆ ಬದಲಾಗುತ್ತವೆ. ಅಲ್ಲಿನ ಒಂದೊಂದು ಬಿಂದುವಿಗೂ ಒಡಲಿನ ಕಡೆಯಿಂದ ಒಂದು, ಸೆರಗಿನ ಕಡೆಯಿಂದ ಇನ್ನೊಂದು ನಿರ್ದೇಶಾಂಕ ಬೇಕು. ಮೂರು ಆಯಾಮದ ಆಕಾರವನ್ನು ಉಳಿಸಿಡುವ ಒಬಿಜೆ ಕಡತದಲ್ಲಿ ಸ್ಥಾನಕ್ಕೂ ನಿರ್ದೇಶಾಂಕಕ್ಕೂ ಬೇರೆ ಬೇರೆ ಇಂಡೆಕ್ಸ್ ಇರಬಹುದು. ಓಪನ್‌ಜಿಎಲ್ ಮಾತ್ರ ಒಂದೇ ಇಂಡೆಕ್ಸ್‌ನಿಂದ ಎಲ್ಲ ಅರೇಗಳನ್ನೂ ಓದುತ್ತದೆ. ಹಾಗಾಗಿ ಆ ಸಾಲಿನ ವರ್ಟೆಕ್ಸ್‌ಗಳನ್ನು ಎರಡೆರಡು ಮಾಡಿ, ಚಲನೆಯ ಲೆಕ್ಕವನ್ನು ಒಂದಕ್ಕೇ ಮಾಡಿ, ಬಂದ ಸ್ಥಾನವನ್ನು ಜೊತೆಯದಕ್ಕೂ ನಕಲು ಮಾಡುತ್ತೇನೆ. ಇಲ್ಲವಾದರೆ ಬಟ್ಟೆ ಅಲ್ಲಿಯೇ ಬಿರುಕು ಬಿಡುತ್ತದೆ. ದಡಿಯ ಗೆರೆಗೂ ಇದೇ ಕ್ರಮ.

ಒಡಲು, ದಡಿ, ಸೆರಗು ಮೂರನ್ನೂ ಒಂದೇ ಚಿತ್ರದಲ್ಲಿ ಅಂಟಿಸುವ ಆಸೆ ಸಹಜ, ಆದರೆ ರಿಪೀಟ್ ವ್ಯವಸ್ಥೆ ಇಡೀ ಚಿತ್ರವನ್ನೇ ಮರುಕಳಿಸುತ್ತದೆ, ಅದರ ಒಂದು ತುಂಡನ್ನಲ್ಲ. ಒಡಲಿಗೂ ದಡಿಗೂ ರಿಪೀಟ್ ಬೇಕು. ಸೆರಗಿಗೆ ಪೂರ್ತಿ ಛಾಯಾಚಿತ್ರ 0ಯಿಂದ 1ರವರೆಗೆ ಒಮ್ಮೆ ಮಾತ್ರ ಹರಡುತ್ತದೆ. ಸೆರಗಿಗೆ ಕ್ಲ್ಯಾಂಪ್ ಟು ಎಡ್ಜ್ (ಚಿತ್ರವನ್ನು ಅಂಚಿನಲ್ಲೇ ನಿಲ್ಲಿಸುವ ವ್ಯವಸ್ಥೆ) ಇಡದಿದ್ದರೆ ಎದುರು ಅಂಚಿನ ಬಣ್ಣ ಈ ಅಂಚಿಗೆ ತೆಳುವಾಗಿ ಇಣುಕುತ್ತದೆ. ಚಿತ್ರದ ಕಡತಗಳು ಸಾಮಾನ್ಯವಾಗಿ ಮೇಲಿನ ಸಾಲಿನಿಂದ ಆರಂಭವಾಗುತ್ತವೆ, ಓಪನ್‌ಜಿಎಲ್ ಮೊದಲು ಕೊಟ್ಟ ಸಾಲನ್ನು ಕೆಳಗಿನದೆಂದು ತಿಳಿಯುತ್ತದೆ. ಸೆರಗಿನ ತೆನೆಗಳು ತಲೆಕೆಳಗಾಗದಂತೆ ಚಿತ್ರವನ್ನು ಓದುವಾಗಲೇ ತಿರುಗಿಸಿಕೊಳ್ಳುತ್ತೇನೆ.

ಅರೇ ಸರಿಯಿದೆಯೇ ಎಂದು ನೋಡಲು, ಚಿತ್ರ ಹಾಕುವ ಮೊದಲು ಉದ್ದದ ನಿರ್ದೇಶಾಂಕದ ದಶಮಾಂಶ ಭಾಗವನ್ನು ಕೆಂಪಾಗಿಯೂ ಅಗಲದ್ದನ್ನು ಹಸಿರಾಗಿಯೂ ಬಳಿಯುತ್ತೇನೆ. ಹೆಣಿಗೆ ತಪ್ಪಿದ ಜಾಗ ಕೂಡಲೇ ಕಣ್ಣಿಗೆ ಬೀಳುತ್ತದೆ.

ಒಡಲಿನ ಅರೇಯಲ್ಲಿ ನಾನು ತುಂಬಿರುವುದು ಮೀಟರ್‌ಗಳನ್ನೇ. ಚೌಕಳಿಯ ಅಳತೆ 4 ಸೆಂಟಿಮೀಟರ್ ಆಗಿದ್ದರೆ ವರ್ಟೆಕ್ಸ್ ಶೇಡರ್ (ಪ್ರತಿ ವರ್ಟೆಕ್ಸ್‌ಗೂ ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಅವನ್ನು 25ರಿಂದ ಗುಣಿಸುತ್ತದೆ. 5 ಮೀಟರಿನ ತುದಿಯಲ್ಲಿ ನಿರ್ದೇಶಾಂಕ 125 ಆಗುತ್ತದೆ. ವ್ಯಾಪಾರಿ ಬೇರೆ ಚೌಕಳಿ ಆರಿಸಿದಾಗ ಬದಲಾಗುವುದು ಚಿತ್ರ ಮತ್ತು ಆ ಒಂದು ಗುಣಕ ಮಾತ್ರ. ಬಫರ್ ಅನ್ನು ಮುಟ್ಟುವ ಕಾರಣವಿಲ್ಲ.